ವರುಣನ ಬಗ್ಗೆ ಅಕ್ಕ ಕೇಳಿದ್ದು

ಭಯವಾದಾಗ ಕೆಲವರು ದೇವರನ್ನು ನೆನೆಯುತ್ತಾರೆ, ಕೆಲವರು ಉಗುರು ಕಚ್ಚುತ್ತಾರೆ. ನಾನು ಮೊಬೈಲಿನಲ್ಲಿ ಆಕಾಶಕಾಯಗಳ ಬಗ್ಗೆ ಓದುತ್ತೇನೆ. ಎಷ್ಟು ದೂರದ್ದೋ ಅಷ್ಟು ಒಳ್ಳೆಯದು. ಅಲ್ಲಿಂದ ನನಗೆ ಯಾವ ಕೆಟ್ಟ ಸುದ್ದಿಯೂ ಬರಲಾರದು.

ಹೋದ ತಿಂಗಳು ಚೇಳೂರಿನಿಂದ ಅಕ್ಕ ಬಂದಳು. ಎದೆಯಲ್ಲೊಂದು ಗಂಟು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಕೇಳಲು ಇಬ್ಬರೂ ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಅಮ್ಮನನ್ನು ಕರೆದೊಯ್ದದ್ದೂ ಇಂಥದೇ ಗಂಟು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ನಾನು ಎತ್ತಿದ್ದು ವರುಣನ ಮಾತು. ನೆಪ್ಚೂನಿನಾಚೆಯ ಕತ್ತಲಲ್ಲಿ ಸುತ್ತುವ ಹಿಮದ ಉಂಡೆ ಅದು. ಕುಬ್ಜ ಗ್ರಹವೆನ್ನಬೇಕೋ ಬೇಡವೋ ಎಂದು ವಿಜ್ಞಾನಿಗಳು ಇನ್ನೂ ತೀರ್ಮಾನಿಸಿಲ್ಲ.

"ಅಲ್ಲಿ ಮಳೆ ಆಯ್ತದೇನೋ?" ಅಕ್ಕ ಕೇಳಿದಳು.

"ಇಲ್ಲ ಕಣಕ್ಕ, ಬರೀ ಐಸು."

"ಮತ್ತೆ ವರುಣ ಅಂತ ಯಾಕಿಟ್ರು? ನಮ್ ದೇವ್ರನ್ನ ಅಷ್ಟು ದೂರ ಅಟ್ಬುಟ್ಟವ್ರೆ ಅನ್ನು."

ಗರಗರ ತಿರುಗಿ ತಿರುಗಿ ಅದು ಉದ್ದುದ್ದಕ್ಕೆ ಆಗಿದೆಯಂತೆ ಎಂದೆ.

"ಮುದ್ದೆ ಕಟ್ಟಕ್ ಬರ್ದೋರು ಕಟ್ದಂಗೆ," ಎಂದಳು.

ನನಗೆ ಹುರುಪು ಬಂತು. ದನಿ ಏರಿ, ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಬಾಯಿ ಒಣಗಿದರೂ ನಿಲ್ಲಿಸಲಾಗಲಿಲ್ಲ. ಅಷ್ಟರಲ್ಲಿ ನರ್ಸ್ ಅಕ್ಕನ ಹೆಸರು ಕೂಗಿದಳು.

ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. "ಕ್ಯಾನ್ಸರ್ ಅಲ್ಲ. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ತೋರಿಸಿ, ಸಾಕು."

ಅಕ್ಕ ಕೈಮುಗಿದಳು. ನಾನು ಕುರ್ಚಿ ಹಿಡಿದುಕೊಂಡೆ. ಡಾಕ್ಟರಮ್ಮ ನೀರು ಕೊಟ್ಟದ್ದು ರೋಗಿಗಲ್ಲ, ನನಗೆ.

ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ನನ್ನ ಜಂಬ ಮರಳಿತ್ತು. "ನನ್ ಕತೆ ಕೇಳಿ ನಿಂಗೆ ಧೈರ್ಯ ಬಂತಲ್ಲ," ಎಂದೆ.

"ನಂಗಾ? ನಿನ್ ಮುಖ ಬಿಳಿಚ್ಕೊಂಡಿತ್ತು ಕಣೋ. ಮಾತು ನಿಂತ್ರೆ ಅತ್ಬುಡ್ತೀಯ ಅಂತ ಒಂದೊಂದೇ ಕೇಳ್ತಾ ಕೂತಿದ್ದೆ."

ಅವಳು ಊರಿಗೆ ಹೋಗಲು ಗುಬ್ಬಿ ಬಸ್ಸು ಹತ್ತಿ, ಕಿಟಕಿಯಿಂದ "ನೀನು ಮನೆಗೋಗು" ಎಂದು ಕೈಬೀಸಿದಳು. ಬಸ್ಸು ಹೊರಟು ತಿರುವು ತೆಗೆದುಕೊಂಡಾಗ ಕಂಡಿತು: ಅಕ್ಕ ಸೆರಗಿನಲ್ಲಿ ಮುಖ ಹುದುಗಿಸಿದ್ದಳು, ಭುಜ ಅದುರುತ್ತಿತ್ತು.

ಓಡಿದೆ. ಬಸ್ಸಿನ ಬದಿಗೆ ಬಡಿದೆ. ಕಂಡಕ್ಟರ್ ಬೈಯುತ್ತಲೇ ಹತ್ತಿಸಿಕೊಂಡ.

ಅಕ್ಕನ ಪಕ್ಕದಲ್ಲಿ ಕೂತೆ. ಗುಬ್ಬಿ ಬರುವವರೆಗೂ ನಾನು ತುಟಿ ಬಿಚ್ಚಲಿಲ್ಲ. ಅವಳು ಅಳುವಷ್ಟು ಅತ್ತಳು.