ಸ್ಟೋರ್ಸ್ ಗೋಡೆಯ ಹಿಂದಿನ ಗುಂಡಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಈಗ ವಯಸ್ಸಾಗಿ ಸ್ವಲ್ಪ ತಣ್ಣಗಾಗಿದ್ದೇನೆ. ಇಪ್ಪತ್ತೈದರಲ್ಲಿ ಅದನ್ನು ಕೋಪ ಎಂದು ಯಾರಾದರೂ ಕರೆದರೆ ಅವರ ಮೇಲೇ ರೇಗುತ್ತಿದ್ದೆ. ಅದು ನನ್ನ ಚುರುಕುತನ ಎಂದೇ ನಂಬಿದ್ದೆ.

ಎಂಬತ್ತರ ದಶಕದ ಕೊನೆ. ಕಂಪ್ಯೂಟರ್ ಮಾರುವ ಒಂದು ಸಣ್ಣ ಕಂಪನಿಯಲ್ಲಿ ನಾನು ರಿಪೇರಿ ಇಂಜಿನಿಯರ್. ಯಶವಂತಪುರದಿಂದ ಯಲಹಂಕದವರೆಗೆ ಎಲ್ಲಿ ಮಿಷನ್ ಕೆಟ್ಟರೂ ನನ್ನ ಸ್ಕೂಟರ್ ಓಡಬೇಕು. ಯಶವಂತಪುರದ ಒಂದು ಪಂಪ್‌ಸೆಟ್ ಕಾರ್ಖಾನೆಗೆ ನಾವು ಬೀರುವಿನಷ್ಟು ದೊಡ್ಡ ಕಂಪ್ಯೂಟರ್ ಕೂರಿಸಿದ್ದೆವು. ಅದಕ್ಕೆ ಆರು ಟರ್ಮಿನಲ್. ಟರ್ಮಿನಲ್ ಎಂದರೆ ಬರೀ ಪರದೆ ಮತ್ತು ಕೀಬೋರ್ಡು, ಬುದ್ಧಿಯೆಲ್ಲ ಆ ಬೀರುವಿನದು. ಐದು ಟರ್ಮಿನಲ್ ಆಫೀಸಿನಲ್ಲೇ ಇದ್ದವು. ಆರನೆಯದು ಅಂಗಳದಾಚೆ, ವೆಲ್ಡಿಂಗ್ ಶೆಡ್ಡಿಗೆ ಅಂಟಿಕೊಂಡ ಸ್ಟೋರ್ಸಿನಲ್ಲಿ. ಅಲ್ಲಿಗೆ ಉದ್ದನೆಯ ಕೇಬಲ್ ಎಳೆದಿದ್ದೆವು.

ಆ ಟರ್ಮಿನಲ್ ಮುಂದೆ ಕೂರುತ್ತಿದ್ದವರು ನಲವತ್ತರ ಆಸುಪಾಸಿನ ಹೆಂಗಸು. ಆರ್.ಟಿ. ನಗರದವರು. ಮನೆಯಲ್ಲಿ ಉರ್ದು, ಕಾರ್ಖಾನೆಯಲ್ಲಿ ನಮ್ಮೆಲ್ಲರಿಗಿಂತ ಚೊಕ್ಕ ಕನ್ನಡ. ಹನ್ನೆರಡು ವರ್ಷ ಅಲ್ಲೇ ಟೈಪಿಸ್ಟ್ ಆಗಿದ್ದವರು. ನಮ್ಮ ಕಂಪ್ಯೂಟರ್ ಬಂದದ್ದೇ ತಡ, ಟೈಪಿಸ್ಟ್ ಹುದ್ದೆಯನ್ನು ತೆಗೆದುಹಾಕಿದರು. ಆರು ತಿಂಗಳಲ್ಲಿ ಟರ್ಮಿನಲ್ ಕೆಲಸ ಕಲಿತು ತೋರಿಸಿದರೆ ಸರಿ, ಇಲ್ಲವಾದರೆ ಮನೆಗೆ ಎಂದಿದ್ದರು ಮ್ಯಾನೇಜರು. ಮನೆಯಲ್ಲಿ ಗಂಡ ಲಕ್ವ ಹೊಡೆದು ಮಲಗಿದ್ದರು. ಈಕೆಯ ಕೆಲಸ ಹೋದರೆ ಒಲೆ ಉರಿಯುವುದಿಲ್ಲ ಎನ್ನುವುದು ಕಾರ್ಖಾನೆಗೆಲ್ಲ ಗೊತ್ತಿತ್ತು. ನಾನು ಹೇಳಿಕೊಟ್ಟದ್ದನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಎರಡನೇ ಸಲ ಕೇಳಿದ್ದು ನನಗೆ ನೆನಪಿಲ್ಲ.

ನಾಲ್ಕು ತಿಂಗಳು ಎಲ್ಲ ಸುಸೂತ್ರ. ಬೇಸಿಗೆ ಶುರುವಾದದ್ದೇ ಶನಿ ಹೆಗಲೇರಿತು. ಸ್ಟೋರ್ಸಿನ ಪರದೆಯ ಮೇಲೆ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಅಕ್ಷರಗಳು ಸುರಿಯುತ್ತಿದ್ದವು. ಆ ಕಸವೆಲ್ಲ ಕೇಬಲ್ಲಿನಲ್ಲಿ ಹರಿದು ಬಂದು ದೊಡ್ಡ ಮಿಷನ್ನಿನ ತಲೆ ಕೆಡಿಸಿ, ಆರೂ ಟರ್ಮಿನಲ್ ಒಟ್ಟಿಗೆ ನಿಂತುಬಿಡುತ್ತಿದ್ದವು. ಬೆಳಗಿನಿಂದ ಮಾಡಿದ ಕೆಲಸ ನೀರಿನಲ್ಲಿ ಹೋಮ. ಮೊದಲು ವಾರಕ್ಕೊಂದು ಸಲ, ಆಮೇಲೆ ದಿನಕ್ಕೊಂದು, ಆಮೇಲೆ ಮೂರು ನಾಲ್ಕು.

ನಾನು ಕೇಬಲ್ ಬದಲಾಯಿಸಿದೆ. ಪ್ಲಗ್ಗುಗಳನ್ನು ಹೊಸದಾಗಿ ಬೆಸುಗೆ ಹಾಕಿದೆ. ಬೀರುವಿನೊಳಗಿನ ಕಾರ್ಡು ಬದಲಾಯಿಸಿದೆ, ಟರ್ಮಿನಲ್ಲನ್ನೇ ಬದಲಾಯಿಸಿದೆ. ಊಹೂಂ. ಐದು ವಾರ ಹೆಬ್ಬಾಳದ ಕಡೆಯಿಂದ, ಯಲಹಂಕದ ಕಡೆಯಿಂದ ಬೇರೆ ಕೆಲಸ ಬಿಟ್ಟು ಓಡೋಡಿ ಬಂದೆ. ಊಟ ರುಚಿಸುತ್ತಿರಲಿಲ್ಲ. ನಮ್ಮ ಬಾಸ್ ಒಂದೇ ಮಾತು ಹೇಳಿದ್ದರು: "ಆ ಮಿಷನ್ ವಾಪಸ್ ಬಂದ್ರೆ ಅದರ ಹಿಂದೇನೇ ನೀನೂ ಹೋಗ್ತೀಯ ಕಣೋ."

ಆ ದಿನಗಳಲ್ಲೇ ಆಕೆ ಒಮ್ಮೆ ನನಗೆ ಹೇಳಿದರು: "ಸಾರ್, ಈ ಟೇಬಲ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ನೋಡ್ತೀರಾ?"

ಉಕ್ಕಿನ ಮೇಜು. ಅದರ ಮೇಲೆ ಟರ್ಮಿನಲ್ಲು. ನಾನು ಅಂಗೈ ಊರಿ ನೋಡಿದೆ, ಏನೂ ಇಲ್ಲ. "ಏನೂ ಇಲ್ವಲ್ಲ ಮೇಡಂ! ಜುಮ್ ಅಂತಿರೋದು ಮೇಜಲ್ಲ, ನಿಮ್ಮ ಕೈ. ಹನ್ನೆರಡು ವರ್ಷ ಟೈಪ್‌ರೈಟರ್ ಗುದ್ದಿದ್ದೀರಲ್ಲ, ಅದರ ಬಡ್ಡಿ" ಎಂದೆ. ಸ್ಟೋರ್ಸಿನವರೆಲ್ಲ ಗೊಳ್ಳೆಂದು ನಕ್ಕರು. ಆಕೆ ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನದಿಂದ ಕೈ ಮೇಜಿಗೆ ತಾಗದಂತೆ ಎತ್ತಿ ಹಿಡಿದು, ಎರಡು ಪೆನ್ಸಿಲ್ಲುಗಳ ಹಿಂತುದಿಯಿಂದ ಕೀಗಳನ್ನು ಒತ್ತತೊಡಗಿದರು.

ನನ್ನ ಪಾಪದ ಕೊಡ ತುಂಬಿದ್ದು ಆಗ. ಮ್ಯಾನೇಜರು ಕೋಣೆಗೆ ಕರೆದು, "ಏನಪ್ಪಾ ಇಂಜಿನಿಯರ್ರೇ, ಇವತ್ತು ಸಂಜೆ ಒಳಗೆ ಕಾರಣ ಬರೆದುಕೊಡು. ಇಲ್ಲ ನಾಳೆ ಲಾರಿ ತಂದು ನಿನ್ನ ಡಬ್ಬಾ ಎತ್ಕೊಂಡು ಹೋಗು" ಎಂದರು. ಕಾರಣ ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ಕಂಡದ್ದು ಪೆನ್ಸಿಲ್ಲು. ಬರೆದೆ: ಆರನೇ ಟರ್ಮಿನಲ್ಲಿನ ಆಪರೇಟರ್ ಕೀಗಳನ್ನು ಪೆನ್ಸಿಲ್ಲಿನಿಂದ ಕುಟ್ಟುತ್ತಾರೆ, ತಪ್ಪು ಅಕ್ಷರಗಳು ಹೋಗಿ ಸಿಸ್ಟಂ ನಿಲ್ಲುತ್ತಿದೆ. ಎರಡು ಸಲ ಯೋಚಿಸದೆ ಸಹಿ ಹಾಕಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಆಕೆಯ ಕಡೆಯ ದಿನವಾಯಿತು. ಸೋಮವಾರ ಆ ಕುರ್ಚಿಗೆ ಅಕೌಂಟ್ಸಿನ ಗುಮಾಸ್ತನೊಬ್ಬ ಬಂದು ಕೂತ. ಹತ್ತೂ ಬೆರಳಲ್ಲಿ ಮೃದುವಾಗಿ ಒತ್ತಿದ. ಹನ್ನೊಂದಕ್ಕೆ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಶುರುವಾಯಿತು. ಪರದೆ ತುಂಬ ಕಸ ಸುರಿದು ಆರೂ ಟರ್ಮಿನಲ್ ನಿಂತವು.

ಗುಮಾಸ್ತ ಕಾಫಿಗೆಂದು ಎದ್ದು ಹೋದ. ನಾನು ಅದೇ ಕುರ್ಚಿಯಲ್ಲಿ ಕುಸಿದು ಕೂತೆ. ಕೆಲಸ ಹೋಯಿತು, ಇನ್ನೇನೂ ಉಳಿದಿಲ್ಲ ಎನಿಸಿತು. ಸೆಕೆ ತಡೆಯಲಾಗದೆ ಬೂಟು, ಕಾಲುಚೀಲ ಬಿಚ್ಚಿ ಎಸೆದೆ. ಆಗೆಲ್ಲ ಕಂಪ್ಯೂಟರ್ ಇರುವ ಕೋಣೆಗೆ ಧೂಳಿನ ಭಯಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಆ ಬಾಗಿಲಿಗೂ 'ಪಾದರಕ್ಷೆ ಹೊರಗೆ ಬಿಡಿ' ಎಂದು ಬೋರ್ಡು ಹಾಕಿಸಿದವನು ನಾನೇ. ಎಲ್ಲರೂ ಬರಿಗಾಲಲ್ಲಿ ಕೂರುತ್ತಿದ್ದರು, ನಾನೊಬ್ಬ ಬಿಟ್ಟು. ದಿನಕ್ಕೆ ಹತ್ತು ಸಲ ಲೇಸು ಕಟ್ಟುತ್ತಾ ಕೂರುವುದಕ್ಕೆ ನನಗೇನು ಹುಚ್ಚೇ? ದಪ್ಪ ರಬ್ಬರ್ ಅಟ್ಟೆಯ ಬೂಟಿನಲ್ಲೇ ಒಳಗೆ ನುಗ್ಗುತ್ತಿದ್ದೆ.

ಬರಿಗಾಲು ಸಿಮೆಂಟಿನ ನೆಲಕ್ಕೂರಿ ಮೇಜಿನ ಅಂಚು ಹಿಡಿದೆ. ಮೊಣಕೈವರೆಗೆ ಜುಮ್ಮೆಂದಿತು.

ಅಯ್ಯೋ ನನ್ನ ಕರ್ಮವೇ. ಅರ್ಥಿಂಗ್ ಇಲ್ಲ! ಟರ್ಮಿನಲ್ಲಿನ ಮೈಗೆ ಸೋರಿದ ಕರೆಂಟು ನೆಲಕ್ಕಿಳಿಯಲು ದಾರಿಯಿಲ್ಲದೆ ನನ್ನ ಕೇಬಲ್ ಹಿಡಿದು ಓಡುತ್ತಿದೆ, ವೆಲ್ಡಿಂಗ್ ಹೊಡೆದಾಗಲೆಲ್ಲ ಇನ್ನೂ ಜಾಸ್ತಿ. ಬರಿಗಾಲಲ್ಲೇ ಗೋಡೆಯ ಹಿಂದಕ್ಕೆ ಓಡಿದೆ. ಉಪ್ಪು, ಇದ್ದಿಲು ತುಂಬಿ ಕೊಳವೆ ಹೂತ ಅರ್ಥಿಂಗ್ ಗುಂಡಿ ಅಲ್ಲಿತ್ತು. ಅದು ಸದಾ ಒದ್ದೆಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಕಲ್ಲಿನ ಮುಚ್ಚಳ ಸರಿಸಿ ನೋಡಿದರೆ ಒಳಗೆ ಬಿರುಕು ಬಿಟ್ಟ ಮಣ್ಣು, ಇರುವೆ ಸಾಲು.

ತೋಟದ ಮಾಲಿಯನ್ನು ಕೂಗಿದೆ. ಅಟ್ಟೂರಿನ ಕಡೆಯ ಮುದುಕ. "ಏನ್ರೀ, ಇದಕ್ಕೆ ನೀರು ಹಾಕೋದು ನಿಮ್ಮ ಕೆಲಸ ಅಲ್ವೇನ್ರೀ?" ಎಂದು ಅಬ್ಬರಿಸಿದೆ.

ಅವನು ನನ್ನ ಮುಖ ನೋಡಿದ. "ಆಕ್ತಿದ್ದೆ ಸಾಮಿ, ದಿನಾ ಎಲ್ಡು ಬಕೀಟು. ನೀವೇ ಅಲ್ವರಾ ಬ್ಯಾಡ ಅಂದೋರು? ಈ ಗ್ವಾಡೆ ತಾವ ಒಂದು ತೊಟ್ಟು ನೀರು ಬಿದ್ರೂ ನಿನ್ ಕೆಲ್ಸ ತೆಗುಸ್ತೀನಿ ಅಂತ ಇಂಗೇ ಕೂಗಾಡಿದ್ರಿ."

ಹೌದು, ಕೂಗಾಡಿದ್ದೆ. ಟರ್ಮಿನಲ್ ಕೂರಿಸಿದ ದಿನ ಸ್ಟೋರ್ಸಿನ ಗೋಡೆಯ ಬುಡ ಒದ್ದೆಯಾಗಿದ್ದು ಕಂಡು, ಬಕೆಟ್ ಹಿಡಿದು ಬಂದವನ ಮೇಲೆ ಹಾರಾಡಿದ್ದೆ. ನೀರು ಯಾಕೆ ಎಂದು ಕೇಳಿರಲಿಲ್ಲ. ಅವನೂ ಹೇಳುವ ಧೈರ್ಯ ಮಾಡಿರಲಿಲ್ಲ. ಮಳೆಗಾಲದ ತೇವ ನಾಲ್ಕು ತಿಂಗಳು ನನ್ನ ಮಾನ ಕಾಪಾಡಿತ್ತು, ಅಷ್ಟೆ.

ನಾನೇ ಹನ್ನೆರಡು ಬಕೆಟ್ ನೀರು ಹೊತ್ತು ಸುರಿದೆ. ಮಧ್ಯಾಹ್ನ ವೆಲ್ಡಿಂಗ್ ಜೋರಾಗಿಯೇ ನಡೆಯಿತು. ಮಿಷನ್ ನಿಲ್ಲಲಿಲ್ಲ. ಮಂಗಳವಾರ ನಿಲ್ಲಲಿಲ್ಲ. ಬುಧವಾರವೂ ನಿಲ್ಲಲಿಲ್ಲ.

ಬುಧವಾರ ಸಂಜೆ ಆರ್.ಟಿ. ನಗರಕ್ಕೆ ಹೋಗಿ ಆಕೆಯ ಮನೆ ಹುಡುಕಿದೆ. ಒಂದೇ ಕೋಣೆಯ ಮನೆ. ಮಂಚದಲ್ಲಿ ಗಂಡ. ಕಿಟಕಿಯ ಕೆಳಗೆ ಹಳೆಯ ಟೈಪ್‌ರೈಟರ್. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಕೇಳಿದ್ದು ಇಷ್ಟೇ: "ಇದನ್ನ ಮ್ಯಾನೇಜರಿಗೆ ಬರೆದುಕೊಡ್ತೀರಾ ಸಾರ್?"

ಕೊಡುತ್ತೇನೆ ಎಂದೆ. ಆಕೆ ಹಾಳೆ, ಕಾರ್ಬನ್ ಏರಿಸಿ ಟೈಪ್‌ರೈಟರ್ ಮುಂದೆ ಕೂತು, "ಹೇಳಿ" ಎಂದರು. ನಾನು ಹೇಳುತ್ತಾ ಹೋದೆ, ನನ್ನ ಬಾಯಿಗಿಂತ ಅವರ ಬೆರಳೇ ಮುಂದಿತ್ತು. ಅರ್ಥಿಂಗ್ ಗುಂಡಿಗೆ ನೀರು ಹಾಕುವುದು ನಿಂತಿತ್ತು ಎಂಬಲ್ಲಿಗೆ ಬಂದು ನಾನು ತಡವರಿಸಿದೆ. ಅವರ ಕೈ ಕೀಗಳ ಮೇಲೆಯೇ ಕಾದಿತ್ತು. "ಯಾರು ನಿಲ್ಲಿಸಿದ್ದು ಸಾರ್?" ಎಂದರು. ನಾನು, ಎಂದೆ. ಅದನ್ನೂ ಟೈಪ್ ಮಾಡಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಗುರುವಾರ ಇಬ್ಬರೂ ಕಾರ್ಖಾನೆಗೆ ಹೋದೆವು. ಆಕೆ ಗೇಟಿನಾಚೆ ನಿಂತರು. ಮ್ಯಾನೇಜರು ಕಾಗದವನ್ನು ಎರಡು ಸಲ ಓದಿದರು. "ನಿಜ ಹೇಳಿದ್ದು ಒಳ್ಳೇದಾಯ್ತಪ್ಪ. ಈಗ ಮಿಷನ್ ನಿಲ್ತಿದೆಯಾ?"

"ಇಲ್ಲ ಸಾರ್. ಸೋಮವಾರ ಬೆಳಿಗ್ಗೆ ಒಂದ್ಸಲ ನಿಂತಿದ್ದೇ ಕಡೆ."

"ಸೋಮವಾರ ಆ ಗುಮಾಸ್ತನಿಗೆ ಇನ್ನೂ ಕೈ ಕೂತಿರ್ಲಿಲ್ಲ. ಆಮೇಲೆ ಒಂದ್ಸಲಾನಾದ್ರೂ ನಿಲ್ತಾ? ಆಯಮ್ಮ ಇದ್ದಾಗ ದಿನಾ ನಿಲ್ತಿತ್ತು. ಕೂತಿರೋನನ್ನ ಎಬ್ಬಿಸಿ ಅವರನ್ನ ಕೂರಿಸು ಅಂದ್ರೆ ಮೇಲಿನೋರಿಗೆ ನಾನೇನು ಹೇಳ್ಲಿ? ಗುಂಡಿಗೆ ನೀರು ಹಾಕಿದ್ವಿ ಅಂತಾನಾ? ಯಾರಪ್ಪ ನಂಬ್ತಾರೆ?"

ನೀರು ಸುರಿಯುವ ಮೊದಲು ಇವರನ್ನು ಕರೆದು ತೋರಿಸಬೇಕಿತ್ತು. ಅದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ನನ್ನ ನೌಕರಿ ಉಳಿಸಿಕೊಳ್ಳುವ ಆತುರದಲ್ಲಿ ಆಕೆಯ ಪರವಾಗಿದ್ದ ಒಂದೇ ಒಂದು ಸಾಕ್ಷಿಯನ್ನು ನಾನೇ ರಿಪೇರಿ ಮಾಡಿ ಅಳಿಸಿಬಿಟ್ಟಿದ್ದೆ. ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ರೀತಿಯಲ್ಲೂ ಬೇಡಿಕೊಂಡೆ. ಮ್ಯಾನೇಜರು ಫೈಲು ಮುಚ್ಚಿದರು.

ಗೇಟಿಗೆ ಬಂದಾಗ ಆಕೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಸೆರಗಿನ ತುದಿ ಸರಿಮಾಡಿಕೊಂಡು, "ಮಿಷನ್ ಮತ್ತೆ ನಿಂತಿಲ್ಲ ತಾನೇ ಸಾರ್?" ಎಂದು ಕೇಳಿದರು.

"ಇಲ್ಲ ಮೇಡಂ, ಚೆನ್ನಾಗಿ ಓಡ್ತಿದೆ" ಎಂದೆ.