ಪಾಲಾಗದ ಬಾವಿ

ಅಂದು ನನ್ನ ಪಾಠಕ್ಕೆ ಅಡ್ಡ ಬಂದದ್ದು ‘ಹಂಚಿಕೊಳ್ಳುವುದು’ ಎಂಬ ಒಂದೇ ಪದ.

ರಾಮಕುಂಜದ ಕಡೆಯ ಶಾಲೆಯೊಂದರಲ್ಲಿ ನಾನು ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುವವಳು. ಸಹವೇಲೆನ್ಸೀಯ ಬಂಧದ, ಎಂದರೆ ಪರಮಾಣುಗಳು ಕೂಡಿಕೊಳ್ಳುವ ಒಂದು ಬಗೆಯ, ಪಾಠ. ಹಲಗೆಯ ಮೇಲೆ ಎರಡು ಹೈಡ್ರೋಜನ್ ಪರಮಾಣು ಬರೆದು, “ಇವು ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುತ್ತವೆ, ಅದರಿಂದಲೇ ಬಂಧ ಆಗುದು” ಎಂದೆ. ಪೆರಾಬೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

“ಅದು ಹೇಗೆ ಟೀಚರ್? ಹಂಚಿಕೊಂಡ ಮೇಲೆ ಬಂಧ ಎಲ್ಲಿ ಉಂಟು? ಅಜ್ಜನ ಜಾಗ ಹಂಚಿಕೊಂಡ ಮೇಲೆ ದೊಡ್ಡಪ್ಪನವರು ನಮ್ಮ ಮನೆಗೆ ಬರುದೇ ಇಲ್ಲ.”

ತರಗತಿ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಸರಿಯಾಗಿಯೇ ಕೇಳಿದ್ದಾಳೆ! ನಮ್ಮಲ್ಲಿ ಹಂಚಿಕೊಳ್ಳುವುದೆಂದರೆ ಪಾಲು ಮಾಡಿ ಬೇಲಿ ಹಾಕುವುದು. ಪುಸ್ತಕ ಬರೆದವರಿಗೆ ಇಷ್ಟೂ ಹೊಳೆಯಲಿಲ್ಲವೇ ಎಂದು ಸಿಟ್ಟೂ ಬಂತು.

“ಪಾಲು ಮಾಡದೆ ಬಿಟ್ಟದ್ದು ಎಂತದೂ ಇಲ್ವಾ?” ಎಂದು ಕೇಳಿದೆ.

“ಬಾವಿ ಉಂಟು, ಗಡಿಯಲ್ಲಿ. ಅದನ್ನು ತುಂಡು ಮಾಡ್ಲಿಕ್ಕೆ ಆಗ್ತದಾ?”

“ಅದು ಯಾರ ಬಾವಿ?”

“ನಮ್ಮದು.”

“ದೊಡ್ಡಪ್ಪನ ಮಕ್ಕಳನ್ನು ಕೇಳಿದರೆ?”

“ಅವರದ್ದು ಅಂತಾರೆ.”

ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಎರಡು ಪರಮಾಣುಗಳ ನಡುವೆ ಎರಡು ಚುಕ್ಕೆ ಇಟ್ಟೆ. “ಇದೇ ಆ ಬಾವಿ! ಒಂದು ಎಲೆಕ್ಟ್ರಾನ್ ಇವನದು, ಒಂದು ಅವನದು. ಈಗ ಎರಡೂ ಚುಕ್ಕೆ ಇಬ್ಬರಿಗೂ ಪೂರ್ತಿ ತಮ್ಮದೇ. ಹಾಗಾಗಿ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ.”

ಅವಳು ಆ ಚುಕ್ಕೆಗಳನ್ನೇ ನೋಡುತ್ತ ನಿಂತಳು. ಆಮೇಲೆ ಮುಖ ಅರಳಿತು.

“ಹೌದು ಟೀಚರ್! ಕರೆಂಟ್ ಹೋಗಿ ಪಂಪು ನಿಂತ ದಿನ ಅಮ್ಮನೂ ದೊಡ್ಡಮ್ಮನೂ ನೀರು ಸೇದ್ಲಿಕ್ಕೆ ಬಂದು ಅಲ್ಲೇ ನಿಂತು ಮಾತಾಡುದು. ಕೊಡ ತುಂಬಿದ ಮೇಲೂ.”