ನಾಲ್ಕನೆಯ ನಿಯಮ ಮತ್ತು ನವಿಲುಬಣ್ಣದ ಬ್ಲೌಸು

ನನಗೆ ದೂರು ಹೇಳುವ ಚಟ ಹತ್ತಿದ್ದು ನಲವತ್ತಾರನೆಯ ವಯಸ್ಸಿನಲ್ಲಿ ಎಂದು ನಮ್ಮ ಮನೆಯವರು ತಿಳಿದಿದ್ದಾರೆ. ಅದು ಸುಳ್ಳು. ಎಂಟನೆಯ ವಯಸ್ಸಿನಲ್ಲೇ ಹತ್ತಿತ್ತು. ನಡುವೆ ಮದುವೆ, ಮಕ್ಕಳು, ರೊಟ್ಟಿ ಎಂದು ಬಿಡುವಿಲ್ಲದೆ ಸುಮ್ಮನೆ ಮಲಗಿತ್ತು, ಅಷ್ಟೆ.

ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ ಹುಡುಗಿಯ ಕೊರಳಿಗೆ ಒಂದು ಕಟ್ಟಿಗೆಯ ಬಿಲ್ಲೆ ಹಾಕುತ್ತಿದ್ದರು. ಅಂಗೈಯಷ್ಟು ಅಗಲ. ಅದರ ಮೇಲೆ ಏನೂ ಬರೆದಿರಲಿಲ್ಲ, ದಾರ ಮಾತ್ರ ಎಷ್ಟೋ ಕೊರಳುಗಳ ಬೆವರು ಕುಡಿದು ಕಪ್ಪಾಗಿತ್ತು. ಅದನ್ನು ಕಳಚಿಕೊಳ್ಳಲು ಇದ್ದದ್ದು ಒಂದೇ ದಾರಿ: ಕನ್ನಡ ಮಾತಾಡುವ ಇನ್ನೊಬ್ಬಳನ್ನು ಹಿಡಿದು ಸಿಸ್ಟರ್ ಮುಂದೆ ನಿಲ್ಲಿಸಬೇಕು. ಉಳಿದವರು ಆಟದ ಬಯಲಿನಲ್ಲಿ ಓಡಾಡಿ ಹುಡುಕುತ್ತಿದ್ದರು. ನಾನು ನಲ್ಲಿಯ ಹತ್ತಿರ ನಿಲ್ಲುತ್ತಿದ್ದೆ. ಬೆಳಗಿನ ತಣ್ಣೀರು ಕೈಗೆ ಬಿದ್ದಾಗ ಯಾವ ಹುಡುಗಿಯ ಬಾಯಲ್ಲೂ ಇಂಗ್ಲಿಷ್ ಬರುವುದಿಲ್ಲ, ‘ಯವ್ವಾ’ ಎಂದೇ ಬರುತ್ತದೆ. ಬಿಲ್ಲೆ ನನ್ನ ಕೊರಳಲ್ಲಿ ಅರ್ಧ ದಿನಕ್ಕಿಂತ ಹೆಚ್ಚು ಇದ್ದ ನೆನಪಿಲ್ಲ. ‘ಸಣ್ಣ ಸಣ್ಣ ಸಂಗತಿಗಳನ್ನೂ ಗಮನಿಸುವ ಹುಡುಗಿ’ ಎಂದು ಸಿಸ್ಟರ್ ಪ್ರಗತಿಪತ್ರದಲ್ಲಿ ಬರೆದರು. ನಮ್ಮಪ್ಪ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಈಗ ನಾನಿರುವುದು ಕೊಟ್ಟೂರಿನಲ್ಲಿ. ಮನೆಯವರದು ಬೀಜ ಗೊಬ್ಬರದ ಅಂಗಡಿ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಮನೆಗೆ ಬಂತು. ಅದರ ಕೀಲಿಗಳ ಸಂದಿನಲ್ಲಿ ಈಗಲೂ ಸಜ್ಜೆ ಕಾಳು ಸಿಗುತ್ತದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅದರ ಮುಂದೆ ಕೂತು ಹೊಲಿಗೆಯವರ ಫೋರಂ ಒಂದನ್ನು ನೋಡುವುದು ನನಗೆ ರೂಢಿಯಾಯಿತು. ಹೊಲಿಯುವ ಹೆಂಗಸರು ಅಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾರೆ, ಬಲ್ಲವರು ಉತ್ತರ ಕೊಡುತ್ತಾರೆ. ನನಗೆ ಗುಂಡಿ ಹಚ್ಚುವುದು ಬಿಟ್ಟರೆ ಬೇರೆ ಹೊಲಿಗೆ ಬಾರದು. ಆದರೂ ‘ಸೂಜಿಮಲ್ಲಿಗೆ’ ಎಂದು ಹೆಸರಿಟ್ಟುಕೊಂಡು ಸದಸ್ಯೆಯಾದೆ. ಮುಖದ ಜಾಗದಲ್ಲಿ ನನ್ನ ನವಿಲುಬಣ್ಣದ ಬ್ಲೌಸಿನ ಬೆನ್ನಿನ ಫೋಟೋ ಹಾಕಿದೆ. ಕುಚ್ಚು ಇಳಿಬಿಟ್ಟ ಚೆಂದದ ಬ್ಲೌಸು.

ಅಲ್ಲಿ ಏಳು ನಿಯಮಗಳಿದ್ದವು, ಓದಿದವರು ಯಾರೂ ಇರಲಿಲ್ಲ. ದೂರು ಕೊಡಬೇಕೆಂದರೆ ಆ ಬರಹದ ಕೊಂಡಿ ನಕಲು ಮಾಡಿ, ನಿಯಮಗಳ ಪುಟ ಹುಡುಕಿ, ನಿರ್ವಾಹಕರಿಗೆ ಪತ್ರ ಬರೆಯಬೇಕಿತ್ತು. ಅಷ್ಟು ಕಷ್ಟಪಟ್ಟು ಯಾರ ಮೇಲೂ ಸಿಟ್ಟಾಗುವುದು ನನ್ನಂಥವಳಿಗೂ ಆಗಲಿಲ್ಲ. ಆಮೇಲೆ ಬಂತು ಆ ಸಲಕರಣೆ. ಬ್ರೌಸರಿಗೆ ಒಮ್ಮೆ ಸೇರಿಸಿಕೊಂಡರೆ ಸಾಕು, ಪ್ರತಿ ಬರಹದ ಪಕ್ಕ ಪುಟ್ಟ ಕೆಂಪು ಬಾವುಟ ಮೂಡುತ್ತದೆ. ಒತ್ತಿದರೆ ಏಳೂ ನಿಯಮ ಸಾಲಾಗಿ ಇಳಿಯುತ್ತವೆ. ಒಂದನ್ನು ಆರಿಸಿದರೆ ದೂರಿನ ಪತ್ರವನ್ನು ಅದೇ ಬರೆದು ಅದೇ ಕಳಿಸುತ್ತದೆ. ಸೊಳ್ಳೆ ಹೊಡೆಯಲು ಇದಕ್ಕಿಂತ ಹೆಚ್ಚು ಶ್ರಮವಾಗುತ್ತದೆ. ಅದೂ ಸಾಲದೆಂಬಂತೆ ಮೂಲೆಯಲ್ಲೊಂದು ಗಿಡದ ಚಿತ್ರ. ನಿರ್ವಾಹಕರು ಒಪ್ಪಿದ ಪ್ರತಿ ದೂರಿಗೂ ಒಂದು ಹಸಿರು ಎಲೆ ಚಿಗುರುತ್ತಿತ್ತು. ಹಿತ್ತಲಿನ ನನ್ನ ಕರಿಬೇವು ಮೂರು ವರ್ಷದಿಂದ ಮೊಣಕಾಲೆತ್ತರ ದಾಟಿಲ್ಲ. ಈ ಗಿಡ ಎರಡೇ ವಾರದಲ್ಲಿ ಪೊದೆಯಾಯಿತು.

“ಏನ್ ನಡಸೀದಿ, ಮನ್ಯಾಗ ಪೊಲೀಸ್ ಸ್ಟೇಶನ್ ತಗದೀದೇನು?” ಎಂದು ಮನೆಯವರು ಚಹಾ ಕಪ್ಪು ಹಿಡಿದುಕೊಂಡು ಇಣುಕಿದರು.

“ಸ್ವಚ್ಛ ಮಾಡಾಕತ್ತೀನ್ರಿ,” ಎಂದೆ.

“ಹಂಗಾರ ಈ ಟೇಬಲ್ಲಿಂದ ಚಾಲೂ ಮಾಡು,” ಎಂದು ಬೆರಳಿಂದ ಧೂಳಿನಲ್ಲಿ ಒಂದು ಗೆರೆ ಎಳೆದು ಹೋದರು.

ನನ್ನ ಎಲೆಗಳಲ್ಲಿ ಹೆಚ್ಚಿನವು ನಾಲ್ಕನೆಯ ನಿಯಮದವು: ವಿಷಯ ಬಿಟ್ಟು ಮಾತಾಡಬಾರದು, ಕುಶಲ ವಿಚಾರಣೆ ಬೇಡ. ಅದನ್ನು ಬರೆದವರು ನಮ್ಮ ಕಡೆಯವರಾಗಿರಲಾರರು. ನಮ್ಮ ಕಡೆ ಬೆಂಕಿ ಆರಿಸಲು ನೀರು ಕೇಳಲು ಬಂದವರೂ ಮೊದಲು ಊಟ ಆಯಿತೇ ಎಂದು ಕೇಳುತ್ತಾರೆ. ‘ಬಣ್ಣದ ದಾರ’ ಎಂಬ ಹೆಸರಿನ ಸದಸ್ಯೆಯೊಬ್ಬರಂತೂ ಪ್ರತಿ ಪ್ರಶ್ನೆಗೂ ಮುಂಚೆ ನಾಲ್ಕು ಸಾಲು ಇದನ್ನೇ ಹಾಕುತ್ತಿದ್ದರು. ‘ಎಲ್ಲಾರೂ ಅರಾಮ್ ಅದೀರೇನ್ರಿ, ಊಟ ಆತೇನ್ರಿ, ನಿಮ್ಮ ಕಡಿ ಮಳಿ ಹೆಂಗೈತ್ರಿ, ನಮ್ಮ ತವರ ಕಡಿ ಹೊಳಿ ತುಂಬೈತಂತ್ರಿ.’ ಹೊಳೆ ಎಂದದ್ದರಿಂದ ಹಡಗಲಿ ಕಡೆಯವರೆಂದು ಲೆಕ್ಕ ಹಾಕಿದೆ. ತುಂಗಭದ್ರೆಯ ದಂಡೆಯಲ್ಲಿ ಕಾಲು ಚಾಚಿ ಕೂತ, ಕೆಲಸವಿಲ್ಲದ ದಪ್ಪ ಹೆಂಗಸೊಬ್ಬರನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡೆ. ಅವರ ಕೈಗೆ ಹುರಿದ ಶೇಂಗಾದ ಪೊಟ್ಟಣವನ್ನೂ ಕೊಟ್ಟೆ. ಆಮೇಲೆ ಬಾವುಟ ಒತ್ತಿದೆ. ಒಂದೇ ಮಧ್ಯಾಹ್ನ ಆರು ಸಲ. ಆರು ಎಲೆ.

ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ಟೇಲರಮ್ಮ ಇದ್ದಾರೆ. ಅವರ ಯಜಮಾನರು ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ನಾನು ಅವರನ್ನು ಆಪಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಾರೆ. ಎರಡರ ಅರ್ಥವೂ ಅಕ್ಕ ಎಂದೇ, ಹಾಗಾಗಿ ನಮ್ಮಿಬ್ಬರಲ್ಲಿ ದೊಡ್ಡವರು ಯಾರೆಂಬುದು ಹದಿನೈದು ವರ್ಷದಿಂದ ಇತ್ಯರ್ಥವಾಗಿಲ್ಲ. ಅದಾದ ಮೇಲಿನ ಸೋಮವಾರ, ಹೊಲಿಯಲು ಕೊಟ್ಟಿದ್ದ ಇನ್ನೊಂದು ಬ್ಲೌಸು ಇಸಿದುಕೊಂಡು ಬರಲು ಹೋದೆ. ಆಪಾ ಮಷೀನಿನ ಮುಂದೆ ಕೈ ಕಟ್ಟಿ ಕೂತಿದ್ದರು. ಅವರ ಕೈ ಖಾಲಿ ಇದ್ದುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ನಿಮ್ದು ಆಗಿಲ್ರಿ ಅಕ್ಕಾರ. ಕೈಯ ಓಡವಲ್ದು.”

“ಯಾಕ ಆಪಾ, ಅರಾಮ್ ಇಲ್ಲೇನು?”

“ನಾ ಅರಾಮ್ ಅದೀನಿ. ಫೋನಿನಾಗ ನನ್ನ ಹೊರಗ ಹಾಕ್ಯಾರ.”

ಅವರು ಫೋನು ಮುಂದೆ ಹಿಡಿದರು. ಪರದೆಯ ಮೇಲೆ ಬೂದುಬಣ್ಣದ ಅಕ್ಷರಗಳಲ್ಲಿ ‘ಬಣ್ಣದ ದಾರ’ ಎಂಬ ಹೆಸರು, ಅದರ ಕೆಳಗೆ, ಸದಸ್ಯರೊಬ್ಬರು ಕೊಟ್ಟ ಆರು ದೂರುಗಳ ಮೇರೆಗೆ, ನಾಲ್ಕನೆಯ ನಿಯಮ ಮುರಿದದ್ದಕ್ಕಾಗಿ ಖಾತೆಯನ್ನು ಒಂದು ತಿಂಗಳು ಮುಚ್ಚಲಾಗಿದೆ ಎಂಬ ಸೂಚನೆ. ಹೊಳೆದಂಡೆಯ ದಪ್ಪ ಹೆಂಗಸು ಶೇಂಗಾ ಪೊಟ್ಟಣದ ಸಮೇತ ನನ್ನ ತಲೆಯಿಂದ ಎದ್ದುಹೋದರು. ಆಪಾ ಕಡ್ಡಿಯಂತಿದ್ದಾರೆ. ಅವರ ತವರು ಹಡಗಲಿ ಕಡೆಯ ಮಾಗಳ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

“ಯಾರೋ ಒಬ್ಬಾಕಿ ದೂರು ಕೊಟ್ಟಾಳ್ರಿ. ಆರು ಸಲ. ಕೆಲಸ ಇಲ್ಲದಾಕಿ ಇರಬೇಕು.”

“ಇರಬೇಕು,” ಎಂದೆ.

“ನಾ ಏನ್ ಬೈದಿಲ್ಲ, ಬಡದಿಲ್ಲ. ಕೈಯಾಗ ಬಟ್ಟಿ ಇರತೈತಿ, ಫೋನಿಗೆ ಬಾಯ್ಲೆ ಹೇಳ್ತೀನಿ, ಅದು ಬರಕೋತೈತಿ. ಮಂದಿ ಕೂತಿರ್ತಾರಲ್ಲ ಆ ಕಡಿ, ಊಟ ಆತೇನ್ರಿ ಅನ್ನಲಾರದ ಹೆಂಗ್ ಕೇಳೋದು, ನೀವ ಹೇಳ್ರಿ.”

ನಾನು ಗುಂಡಿಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ನೋಡುತ್ತ ನಿಂತೆ.

ಆಪಾಗೆ ಹಗರಿಬೊಮ್ಮನಹಳ್ಳಿಯಿಂದ ಮದುಮಗಳ ಬ್ಲೌಸು ಬಂದಿತ್ತು. ಟಿಶ್ಯೂ ಬಟ್ಟೆ, ಉಸಿರು ಬಿಟ್ಟರೂ ಸುಕ್ಕಾಗುವಂಥದು. ಭಾನುವಾರ ಮದುವೆ. ಅಷ್ಟು ದೂರದವರು ಹುಡುಕಿಕೊಂಡು ಬಂದದ್ದು ಇದೇ ಮೊದಲು. ಹುಡುಗಿಯ ಸೋದರತ್ತೆ ತಂಬ್ರಹಳ್ಳಿಯಿಂದ ಬಂದು ಕೂತು, “ಕೆಡಿಸಿದ್ರ ಇಂಥಾದು ಮತ್ತ ಸಿಗಂಗಿಲ್ಲ” ಎಂದು ಹೇಳಿ ಬಟ್ಟೆ ಕೊಟ್ಟು ಹೋಗಿದ್ದರಂತೆ. ಭುಜದ ಹೊಲಿಗೆ ಎಷ್ಟು ಸಲ ಹಾಕಿದರೂ ನೆರಿಗೆ ಬೀಳುತ್ತಿತ್ತು. ಫೋರಂನಲ್ಲಿ ದೂರದ ಊರಿನ ನಿವೃತ್ತ ಹೊಲಿಗೆ ಟೀಚರೊಬ್ಬರು ಒಂದೊಂದೇ ಹಂತ ಹೇಳಿಕೊಡುತ್ತಿದ್ದರು. ಅರ್ಧ ದಾರಿಯಲ್ಲಿ ಬಾಗಿಲು ಮುಚ್ಚಿತ್ತು. ಸದಸ್ಯರಲ್ಲದವರಿಗೆ ಅಲ್ಲಿ ಉತ್ತರಗಳು ಕಾಣುವುದಿಲ್ಲ.

ಒಪ್ಪಿಕೊಂಡುಬಿಡಬೇಕಿತ್ತು. ಆದರೆ ಕಾನ್ವೆಂಟಿನವರು ನನಗೆ ಹಿಡಿಯುವುದನ್ನಷ್ಟೇ ಕಲಿಸಿದ್ದರು, ಸಿಕ್ಕಿಬೀಳುವುದನ್ನು ಕಲಿಸಿರಲಿಲ್ಲ. ಮನೆಗೆ ಬಂದು, ಆಪಾಗೆ ಕಾಣದ ಆ ಉತ್ತರವನ್ನು ನಾನು ಓದಿದೆ. ‘ಎರಡು ದಿನದಿಂದ ಸುಳಿವಿಲ್ಲವಲ್ಲ, ಆರೋಗ್ಯವೇ? ನಿಮ್ಮ ಕಡೆ ಮಳೆ ಬಂತೇ?’ ಎಂದು ಟೀಚರು ಶುರುಮಾಡಿದ್ದರು. ಅದರ ಪಕ್ಕದಲ್ಲೂ ಕೆಂಪು ಬಾವುಟ ಎದ್ದು ನಿಂತಿತ್ತು. ಬೆರಳು ಅತ್ತ ಹೋಗಿಯೇ ಬಿಟ್ಟಿತ್ತು, ಹಿಂದಕ್ಕೆಳೆದುಕೊಂಡೆ. ಕೆಳಗೆ ಸಲಹೆ ಇತ್ತು: ಹನ್ನೊಂದನೆಯ ನಂಬರಿನ ಹೊಸ ಸೂಜಿ ಹಾಕಿ, ಬಟ್ಟೆಯ ಕೆಳಗೆ ತೆಳು ಹಾಳೆ ಇಟ್ಟು ಹೊಲಿಯಿರಿ, ಆಮೇಲೆ ಹಾಳೆ ಹರಿದು ತೆಗೆಯಿರಿ.

ಮಂಗಳವಾರ ಆಪಾ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, ದಾರಿಯಲ್ಲಿ ಹೋಗುವಾಗ ಏನೋ ನೆನಪಾದವಳಂತೆ ಹೇಳಿದೆ. “ಅಲ್ಲ ಆಪಾ, ಕೆಳಗ ಹಾಳಿ ಇಟ್ಟು ಹೊಲದ್ರ ಹೆಂಗ? ಸೂಜಿ ಹನ್ನೊಂದರದು.”

ಆಪಾ ಕನ್ನಡಕ ಕೆಳಗಿಳಿಸಿ ನೋಡಿದರು. “ನಿಮಗ ಹೊಲಿಗಿ ಯಾವಾಗ ಬಂತ್ರಿ ಅಕ್ಕಾರ? ಹೋದ ತಿಂಗಳ ಹುಕ್ಕು ತಿರುವುಮುರುವು ಹಚಗೊಂಡು ಬಂದಿದ್ರಿ.”

“ಎಲ್ಲೋ ಓದಿದ್ದೆ,” ಎಂದೆ. ಅಷ್ಟು ಮಾತ್ರ ನಿಜ.

ಬುಧವಾರ ಹೋದರೆ ಹಾಳೆ ಇಟ್ಟರೂ ನೆರಿಗೆ ಹೋಗಿರಲಿಲ್ಲ. ಟೀಚರು ಉತ್ತರದ ಕೊನೆಯಲ್ಲಿ, ಇಷ್ಟಾದರೂ ಸರಿಹೋಗದಿದ್ದರೆ ಫೋಟೋ ಹಾಕಿ, ನೋಡದೆ ಹೇಳಲು ಬಾರದು ಎಂದಿದ್ದರು. ಆ ಫೋಟೋ ನಾನೇ ತೆಗೆದು ಹಾಕಬಹುದಿತ್ತು. ಫೋನನ್ನು ಅರ್ಧ ಎತ್ತಿಯೂ ಇದ್ದೆ. ಆಪಾ ಬಿಚ್ಚಿದ ಭುಜವನ್ನು ಮಗುವಿನ ಗಾಯ ನೋಡುವಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದೇ ಕಡೆ ಮೂರು ಸಲ ಬಿಚ್ಚಿ ಬಟ್ಟೆಯ ಎಳೆ ಸರಿದಿತ್ತು. ನಾಲ್ಕನೆಯ ಸಲಕ್ಕೆ ಅದು ತಾಳುವುದಿಲ್ಲ ಎಂದು ನನಗೂ ಕಂಡಿತು. ಇನ್ನು ಕದ್ದು ಸಲಹೆ ತಂದುಕೊಡುವುದು ಸಾಕು, ಆಪಾ ತಾವೇ ಟೀಚರನ್ನು ಕೇಳುವಂತಾಗಬೇಕು ಎನ್ನಿಸಿ ಫೋನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದೆ.

ನಿರ್ವಾಹಕರಿಗೆ ಬರೆದೆ. ದೂರು ಕೊಟ್ಟವರು ಹಿಂಪಡೆದರೆ ಖಾತೆ ತೆರೆಯುತ್ತೇವೆ, ಯಾರು ಹಿಂಪಡೆದರೆಂಬುದು ಆ ಸದಸ್ಯರಿಗೆ ತಿಳಿಯುತ್ತದೆ ಎಂದು ಉತ್ತರ ಬಂತು. ಸಲಕರಣೆಯಲ್ಲಿ ಹಿಂಪಡೆಯುವ ಗುಂಡಿಗಾಗಿ ಹುಡುಕಿದೆ. ಇರಲಿಲ್ಲ. ಆರು ದೂರಿಗೂ ಬೇರೆ ಬೇರೆ ಅರ್ಜಿ, ಪ್ರತಿಯೊಂದರಲ್ಲೂ ಕಾರಣದ ಜಾಗ. ಮೊದಲನೆಯದರಲ್ಲಿ ‘ಕಣ್ತಪ್ಪಿನಿಂದ’ ಎಂದು ಬರೆದು ಅಳಿಸಿದೆ. ಎರಡನೆಯ ಪ್ರಯತ್ನದಲ್ಲಿ ‘ಅವಸರದಲ್ಲಿ’ ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ ಆರರಲ್ಲೂ ಒಂದೇ ಮಾತು ಬರೆದೆ: ‘ಅವರು ಊಟ ಆಯಿತೇ ಎಂದು ಕೇಳಿದ್ದರು.’ ದೂರು ಕೊಡಲು ಆರು ನಿಮಿಷವೂ ಹಿಡಿದಿರಲಿಲ್ಲ. ಹಿಂಪಡೆಯುವಷ್ಟರಲ್ಲಿ ಚಹಾದ ಮೇಲೆ ಕೆನೆ ಗಟ್ಟಿಯಾಗಿತ್ತು. ಗಿಡದಿಂದ ಆರು ಎಲೆ ಉದುರಿದವು. ಉದುರುವುದನ್ನೂ ಅಷ್ಟು ಚೆಂದ ಮಾಡಿ ತೋರಿಸಿದ್ದರು.

ಸೂಚನೆ ಮುಟ್ಟುವ ಮುಂಚೆ ನಾನೇ ಮುಟ್ಟಬೇಕೆಂದು ಚಪ್ಪಲಿ ಮೆಟ್ಟಿ ಓಡಿದೆ.

“ಆಪಾ, ಆ ಸೂಜಿಮಲ್ಲಿಗೆ ಅಂತ ಅದಾಳಲ್ಲ, ಅದು ನಾನು.”

ಆಪಾ ಹಲ್ಲಿನಿಂದ ದಾರ ಕಡಿದರು. “ಗೊತ್ತೈತಿ.”

“ದೂರು ಕೊಟ್ಟಿದ್ದೂ ನಾನ.”

ಅವರ ಕಾಲು ಮಷೀನಿನ ಮೇಲೆ ನಿಂತಿತು. ಎದುರಿನ ಗೋಡೆಯ ಮೇಲೆ ನೇತುಹಾಕಿದ್ದ ಅಳತೆಪಟ್ಟಿ ಫ್ಯಾನಿನ ಗಾಳಿಗೆ ತೂಗುತ್ತಿತ್ತು.

“ಅದು ಗೊತ್ತಿರಲಿಲ್ರಿ,” ಎಂದರು. “ಸೂಜಿಮಲ್ಲಿಗಿ ನೀವು ಅನ್ನೋದು ಗೊತ್ತಿತ್ತು. ಸದಸ್ಯರ ಪಟ್ಟ್ಯಾಗ ಫೋಟೋ ನೋಡಿದ್ದೆ, ಆ ಬ್ಲೌಸ್ ನಾ ಹೊಲದಿದ್ದಲ್ಲೇನು? ಎಡಗಡಿ ಕುಚ್ಚು ಒಂದೀಟು ಗಿಡ್ಡ ಐತಿ, ದಾರ ಸಾಲಲಿಲ್ಲ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ನಮ್ಮ ಓಣಿ ಅಕ್ಕಾರ ಇಲ್ಲೂ ಅದಾರಂತ ಖುಷಿ ಆಗಿ, ದಿನಾ ಕೇಳ್ತಿದ್ದೆ, ಊಟ ಆತೇನ್ರಿ ಅಂತ. ನೀವು ಒಂದು ಮಾತೂ ಉತ್ತರ ಕೊಡಲಿಲ್ಲ.”

ಸಣ್ಣ ಸಂಗತಿಗಳನ್ನು ಗಮನಿಸುವ ಹುಡುಗಿ ಎರಡು ವರ್ಷ ಆ ಬ್ಲೌಸು ತೊಟ್ಟಿದ್ದಳು. ಕುಚ್ಚು ಗಿಡ್ಡವಿದ್ದುದನ್ನು ನೋಡಿರಲಿಲ್ಲ.

“ತಪ್ಪಾತು ಆಪಾ.”

“ಆತಲ್ಲ ಮತ್ತ,” ಎಂದರು. ಇಲ್ಲವೆನ್ನಲಿಲ್ಲ, ಇರಲಿಬಿಡಿ ಎನ್ನಲೂ ಇಲ್ಲ. ಅಷ್ಟರಲ್ಲಿ ಅವರ ಫೋನು ಟಿಣ್ ಎಂದಿತು. ಖಾತೆ ತೆರೆದಿತ್ತು. ಆಪಾ ಸೂಚನೆಯನ್ನು ಓದಿದರು, ಆರನ್ನೂ, ಒಂದೂ ಬಿಡದೆ. ಓದಿ ಮುಗಿಸಿ ಭುಜದ ಫೋಟೋ ತೆಗೆದು ಹಾಕಿದರು. ನಾನು ಅಲ್ಲೇ ಕೂತೆ, ಎದ್ದು ಹೋಗಿ ಎಂದು ಅವರು ಹೇಳಲಿಲ್ಲ. ಒಂದು ಗಂಟೆಯೊಳಗೆ ಟೀಚರ ಉತ್ತರ ಬಂತು: ತಪ್ಪು ಸೂಜಿಯದಲ್ಲ, ಭುಜದ ತುಂಡನ್ನು ಅಡ್ಡ ಎಳೆಗೆ ಕತ್ತರಿಸಿದ್ದೀರಿ, ಉಳಿದ ಬಟ್ಟೆ ಇದ್ದರೆ ನೇರ ಎಳೆಗೆ ಹೊಸದು ಕತ್ತರಿಸಿ, ಹಾಳೆ ಇಟ್ಟೇ ಹೊಲಿಯಿರಿ. ಆಪಾ ಚೂರುಗಳ ಚೀಲ ಸುರುವಿ ಹುಡುಕಿದರು. ಎರಡು ಭುಜಕ್ಕೆ ಸರಿಯಾಗಿ ಸಾಲುವಷ್ಟು ತುಂಡು ಸಿಕ್ಕಿತು. ಇಬ್ಬರೂ ಉಸಿರು ಬಿಟ್ಟಿದ್ದು ಆಗಲೇ.

“ಚಸ್ಮಾ ಐತೇನ್ರಿ ನಿಮಗ?” ಎಂದು ಆಪಾ ಕೇಳಿದರು.

“ಐತಿ.”

“ಹಂಗಾರ ನಾಳಿ ಹಾಕ್ಕೊಂಡು ಬರ್ರಿ.”

ಹೊಲಿಗೆಯ ಸಂದಿನಲ್ಲಿ ಸಿಕ್ಕ ಹಾಳೆಯ ಚೂರುಗಳನ್ನು ಒಂದೊಂದಾಗಿ ಚಿಮಟದಿಂದ ಹೆಕ್ಕಬೇಕು, ಎಳೆದರೆ ಟಿಶ್ಯೂ ಹರಿಯುತ್ತದೆ. ಗುರುವಾರ ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ಹುಬ್ಬು ತೀಡುವ ನನ್ನ ಚಿಮಟ ಮೊದಲ ಸಲ ಒಂದು ಒಳ್ಳೆಯ ಕೆಲಸ ಮಾಡಿತು. ನಡುವೆ ಯಾರಾದರೂ ಬಂದರೆ ಆಪಾ ನನ್ನನ್ನು ತೋರಿಸಿ, “ಹೊಸಾ ಹೆಲ್ಪರ್ರಿ, ಭಾಳ ಸೂಕ್ಷ್ಮ ನೋಡ್ತಾರ,” ಎನ್ನುತ್ತಿದ್ದರು. ಸಿಸ್ಟರ್ ಬರೆದದ್ದನ್ನೇ ಹೇಳಿದ್ದರು, ಆದರೆ ಇದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ. ಶುಕ್ರವಾರ ಸೋದರತ್ತೆ ಬಂದರು, ಭುಜದ ಮೇಲೆ ಬೆರಳಾಡಿಸಿದರು, ಮಾತಾಡದೆ ಬ್ಲೌಸು ಮಡಚಿ ಎದೆಗವಚಿಕೊಂಡರು. ಆಮೇಲೆ ತಮ್ಮದೊಂದು ಬ್ಲೌಸಿನ ಅಳತೆಯನ್ನೂ ಕೊಟ್ಟರು.

ನನ್ನ ಬ್ಲೌಸು ಇನ್ನೂ ಆಗಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ಸೋಮವಾರ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತೆ. ‘ಬಣ್ಣದ ದಾರ’ ಮೊದಲಿನ ಹಾಗೆಯೇ ಬರೆದಿದ್ದರು: ‘ಎಲ್ಲಾರೂ ಅರಾಮ್ ಅದೀರೇನ್ರಿ, ಊಟ ಆತೇನ್ರಿ. ಹಗರಿಬೊಮ್ಮನಹಳ್ಳಿ ಬ್ಲೌಸ್ ಚಲೋ ಆತ್ರಿ. ಹಾಳಿ ಹೆಕ್ಕಾಕ ಒಬ್ಬರು ಸಿಕ್ಕಾರ, ಯಾರಿಗಾದ್ರೂ ಬೇಕಾದ್ರ ಹೇಳ್ರಿ, ಕಳಸ್ತೀನಿ.’ ಪಕ್ಕದಲ್ಲಿ ಕೆಂಪು ಬಾವುಟ ಎದ್ದಿತ್ತು. ಅದನ್ನು ಅದರ ಪಾಡಿಗೆ ಬಿಟ್ಟು, ಜೀವನದಲ್ಲಿ ಮೊದಲ ಸಲ ಆ ಫೋರಂನಲ್ಲಿ ಒಂದು ಸಾಲು ಬರೆದೆ: ‘ನಮ್ದು ಆತ್ರಿ ಆಪಾ, ಜ್ವಾಳದ ರೊಟ್ಟಿ, ಪುಂಡಿಪಲ್ಲೆ. ನಿಮ್ದು?’

ಉತ್ತರಕ್ಕೆ ಕಾಯುತ್ತಿದ್ದೆ. ಐದು ನಿಮಿಷಕ್ಕೆ ಟಿಣ್ ಎಂದಿತು. ಆಪಾ ಅಲ್ಲ, ನಿರ್ವಾಹಕರು. ನನ್ನ ಬರಹದ ಮೇಲೆ ಸದಸ್ಯರೊಬ್ಬರಿಂದ ದೂರು ಬಂದಿದೆ, ನಾಲ್ಕನೆಯ ನಿಯಮ, ಇದು ಮೊದಲನೆಯ ಎಚ್ಚರಿಕೆ. ಎಲ್ಲೋ ಯಾರದೋ ಗಿಡಕ್ಕೆ ಎಲೆಯೊಂದು ಚಿಗುರಿರಬೇಕು. ನಾನು ಫೋನಿನಲ್ಲಿ ಪರದೆಯ ಫೋಟೋ ತೆಗೆದುಕೊಂಡು, ಆಪಾಗೆ ತೋರಿಸಲು ಚಪ್ಪಲಿ ಹುಡುಕಿದೆ.